ಬೀಡಿ ಎಲೆಯೂ ಸಿಯಾಟಲ್ ಶರತ್ತೂ

1999ರ ನವೆಂಬರ್ 24ರಂದು ಅಮೆರಿಕದ ಕಸ್ಟಮ್ಸ್ ಇಲಾಖೆ ಒಂದು ತಡೆ ಆದೇಶ ಹೊರಡಿಸಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ತಯಾರಿಸಿದ ಬೀಡಿ ಯಾವ ಬಂದರಿಗೆ ಬಂದರೂ ಒಳಗೆ ಬಿಡಕೂಡದು ಎಂಬುದು ಅದರ ಸಾರ. ಆಧಾರ, ಆ ದೇಶದ 1930ರ ಸುಂಕ ಕಾಯ್ದೆಯ 307ನೇ ಸೆಕ್ಷನ್. ಕೈದಿಗಳಿಂದಲೋ ಬಲವಂತದ ದುಡಿಮೆಯಿಂದಲೋ ತಯಾರಾದ ಸರಕಿಗೆ ಅಮೆರಿಕದಲ್ಲಿ ಪ್ರವೇಶವಿಲ್ಲ ಎನ್ನುವ ಈ ಸೆಕ್ಷನ್ನಿನ ವ್ಯಾಪ್ತಿಗೆ ಮಕ್ಕಳ ಜೀತವನ್ನೂ ತರುವ ತಿದ್ದುಪಡಿಯೊಂದನ್ನು 1997ರಲ್ಲಿ ಅಲ್ಲಿನ ಸಂಸದ ಬರ್ನಿ ಸ್ಯಾಂಡರ್ಸ್ ಮಂಡಿಸಿ ಗೆದ್ದಿದ್ದರು. ಇಂಥ ಆದೇಶಕ್ಕೆ ನ್ಯಾಯಾಲಯದ ವಿಚಾರಣೆ ಬೇಕಿಲ್ಲ. ಅನುಮಾನಕ್ಕೆ ತಕ್ಕ ಮಾಹಿತಿ ಇದ್ದರೆ ಸಾಕು; ಅದು ಸುಳ್ಳೆಂದು ತೋರಿಸಿಕೊಡುವ ಹೊಣೆ ಸರಕು ತರಿಸುವವನದು. ಆ ತಿಂಗಳೇ ಸಿಬಿಎಸ್ ವಾಹಿನಿ ಭಾರತದಲ್ಲಿ ಬೀಡಿ ಕಟ್ಟುವ ಮಕ್ಕಳ ಕುರಿತು ವರದಿ ಬಿತ್ತರಿಸಿತ್ತು.

ಇದಾಗಿ ಆರು ದಿನಕ್ಕೆ, ನವೆಂಬರ್ 30ರಂದು, ಸಿಯಾಟಲ್ ನಗರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರ ಸಮಾವೇಶ ಶುರುವಾಯಿತು. ಬೀದಿಯಲ್ಲಿ ಅಶ್ರುವಾಯು, ಒಳಗೆ ಒಂದೇ ಜಗಳ. ವ್ಯಾಪಾರ ಒಪ್ಪಂದದೊಳಗೆ ಕಾರ್ಮಿಕರ ಹಕ್ಕಿನ ಶರತ್ತು ಸೇರಿಸಬೇಕೇ, ಬೇಡವೇ? ಶರತ್ತು ಮುರಿದ ದೇಶದ ಸರಕಿಗೆ ದಂಡ ಹಾಕುವ ದಿನ ಬರಬೇಕು ಎಂದು ಅಧ್ಯಕ್ಷ ಕ್ಲಿಂಟನ್ ಸಿಯಾಟಲ್ಲಿನ ಪತ್ರಿಕೆಯೊಂದಕ್ಕೆ ಹೇಳಿಬಿಟ್ಟರು. ಭಾರತದ ವಾಣಿಜ್ಯ ಸಚಿವ ಮುರಸೊಲಿ ಮಾರನ್ ಅದನ್ನು ಖಡಾಖಂಡಿತವಾಗಿ ವಿರೋಧಿಸಿದರು. ಸಮಾವೇಶ ಡಿಸೆಂಬರ್ 3ಕ್ಕೆ ಮುರಿದುಬಿತ್ತು.

ಆ ದಿನಗಳಲ್ಲಿ ಕುಂದಾಪುರ ತಾಲೂಕು ಉಡುಪಿ ಜಿಲ್ಲೆಗೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಬೈಂದೂರು, ಬ್ರಹ್ಮಾವರ ಇನ್ನೂ ತಾಲೂಕುಗಳಾಗಿರಲಿಲ್ಲ. ಶಿರೂರಿನಿಂದ ಬಾರಕೂರಿನವರೆಗೆ, ಗಂಗೊಳ್ಳಿಯ ಕಡಲಿನಿಂದ ಶಂಕರನಾರಾಯಣ, ಸಿದ್ದಾಪುರದ ಕಾಡಂಚಿನವರೆಗೆ, ಮಧ್ಯಾಹ್ನದ ಊಟ ಮುಗಿಸಿದ ಹೆಂಗಸರು ಜಗಲಿಯಲ್ಲಿ ಗೆರಸಿ ತೊಡೆಯ ಮೇಲಿಟ್ಟು ಕೂರುತ್ತಿದ್ದರು. ನೆನೆಸಿಟ್ಟ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ತಂಬಾಕು ಹರವಿ, ಸುರುಳಿ ಸುತ್ತಿ, ನೂಲು ಬಿಗಿದು, ತುದಿ ಮಡಚಿದರೆ ಒಂದು ಬೀಡಿ. ಲೆಕ್ಕ ಸಾವಿರದ ಮೇಲೆ. ಸಿಯಾಟಲ್ಲಿನಲ್ಲಿ ಹೊತ್ತಿದ ಜಗಳ ಈ ಜಗಲಿಗೆ ಸಂಬಂಧಪಟ್ಟದ್ದೇ. ಆದರೆ ಜಗಲಿಯ ಮಟ್ಟಿಗೆ ಆ ಜಗಳ ಹೊಸದಲ್ಲ. ಸಿಯಾಟಲ್ಲಿಗಿಂತ ಮೂವತ್ತು ವರ್ಷ ಹಿಂದೆಯೇ ಈ ಕರಾವಳಿಯಲ್ಲಿ ಅದೊಮ್ಮೆ ನಡೆದಿತ್ತು.

ಬೀಡಿ ನಮ್ಮ ಕರಾವಳಿಯ ಬೆಳೆಯಲ್ಲ. ಎಲೆ ಮಧ್ಯಪ್ರದೇಶ, ಮಹಾರಾಷ್ಟ್ರ, ಒಡಿಶಾದ ಕಾಡಿನದು. ತಂಬಾಕು ನಿಪ್ಪಾಣಿ, ಗುಜರಾತಿನ ಕಡೆಯದು. ಕೈ ಮಾತ್ರ ಇಲ್ಲಿಯದು. ಹಾಗಾಗಿ ಈ ಉದ್ಯಮಕ್ಕೆ ನೆಲದ ಋಣವಿಲ್ಲ. ಹಂಚಿನ ಕಾರ್ಖಾನೆಗೆ ಹೊಳೆಯ ದಡದ ಜೇಡಿಮಣ್ಣು ಬೇಕು, ಗೂಡು ಬೇಕು, ಹೊಗೆ ಕೊಳವೆ ಬೇಕು. ಅದನ್ನು ಎಬ್ಬಿಸಿ ಪಕ್ಕದ ರಾಜ್ಯದಲ್ಲಿ ಕೂರಿಸಲಾಗದು. ಬೀಡಿಗೆ ಬೇಕಾದದ್ದು ಒಂದು ಲಾರಿ, ತಕ್ಕಡಿಯಿರುವ ಒಂದು ಕೋಣೆ. ನಾಳೆ ಬೆಳಿಗ್ಗೆ ಲಾರಿ ಬೇರೆ ಊರಿಗೆ ಹೊರಟರೆ ಉದ್ಯಮವೇ ಹೊರಟಂತೆ.

ಎಸ್. ರಘುರಾಮ ಪ್ರಭು ಎಂಬವರು 1939ರಲ್ಲಿ ಶುರುಮಾಡಿದ ಬೀಡಿ ವ್ಯಾಪಾರ, ಮಾಧವ ಶೆಣೈ ಪಾಲುದಾರರಾಗಿ ಸೇರಿಕೊಂಡ ಮೇಲೆ 1940ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಆಯಿತು. ಇಪ್ಪತ್ತೈದು ವರ್ಷದೊಳಗೆ ಅದು ದಕ್ಷಿಣದ ಅತಿ ದೊಡ್ಡ ಬೀಡಿ ಕಂಪನಿಗಳಲ್ಲಿ ಒಂದು. ಉತ್ತರ ಮಲಬಾರಿನ ಕಣ್ಣೂರಿನಲ್ಲಿ ಅದರ ಕೆಲಸ ಬಹುಪಾಲು ಕಾರ್ಖಾನೆಯ ಚಾವಣಿಯಡಿ ನಡೆಯುತ್ತಿತ್ತು. ಕಟ್ಟುವವರು ಬಹುತೇಕ ಗಂಡಸರು. ಸಾಲಾಗಿ ಕೂತು ಬೀಡಿ ಕಟ್ಟುವಾಗ ಒಬ್ಬ ಎದುರು ನಿಂತು ಪತ್ರಿಕೆ ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಿದ್ದರು. ಒಂದೇ ಚಾವಣಿಯಡಿ ಕೂತವರಿಗೆ ಸಂಘ ಕಟ್ಟುವುದು ಕಲಿಸಿಕೊಡಬೇಕಾಗಿರಲಿಲ್ಲ. ಮಂಗಳೂರಿನಲ್ಲೂ ಎ. ಶಾಂತಾರಾಮ ಪೈ, ಬಿ.ವಿ. ಕಕ್ಕಿಲ್ಲಾಯರಂಥ ಕಮ್ಯೂನಿಸ್ಟ್ ನಾಯಕರು ಕಾರ್ಮಿಕರ ನಡುವೆ ಸಂಘ ಕಟ್ಟುತ್ತಿದ್ದರು.

1956ರ ತನಕ ಕಾಸರಗೋಡಿನಿಂದ ಬೈಂದೂರಿನವರೆಗೆ ಎಲ್ಲವೂ ಮದ್ರಾಸು ರಾಜ್ಯ. ಆ ನವೆಂಬರಿನಲ್ಲಿ ಗೆರೆ ಬಿತ್ತು. ಕಾಸರಗೋಡು ಕೇರಳಕ್ಕೆ, ಉಳಿದ ದಕ್ಷಿಣ ಕನ್ನಡ ಮೈಸೂರಿಗೆ. ಗೆರೆಯ ಎರಡೂ ಬದಿ ಬೀಡಿ ಒಂದೇ; ಕಾನೂನು ಮಾತ್ರ ಬೇರೆ ಬೇರೆ. ಮದ್ರಾಸು 1958ರಲ್ಲಿ, ಕೇರಳ 1961ರಲ್ಲಿ ಬೀಡಿ ಕಾರ್ಮಿಕರಿಗಾಗಿ ಕಾಯ್ದೆ ಮಾಡಿದವು. ಕಾನೂನು ಬಿಗಿಯಾದ ಕಡೆಯಿಂದ ಬೀಡಿ ಸಡಿಲವಿದ್ದ ಕಡೆಗೆ ಹೊರಳತೊಡಗಿತು. ಒಂದೊಂದು ರಾಜ್ಯ ಬಿಡಿಬಿಡಿಯಾಗಿ ಕಾಯ್ದೆ ಮಾಡಿ ಪ್ರಯೋಜನವಿಲ್ಲ, ಇಡೀ ದೇಶಕ್ಕೆ ಒಂದೇ ಆಗಬೇಕು ಎಂಬ ತಿಳಿವಳಿಕೆ ಹುಟ್ಟಿದ್ದು ಹೀಗೆ. ಫಲ, ಸಂಸತ್ತಿನ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಅಂತಾರಾಷ್ಟ್ರೀಯ ವ್ಯಾಪಾರದಲ್ಲಿ ಕಾರ್ಮಿಕ ಶರತ್ತು ಬೇಕೆನ್ನುವವರು ಇಂದಿಗೂ ಮುಂದಿಡುವುದು ಇದೇ ವಾದವನ್ನು, ರಾಜ್ಯ ಎಂಬ ಕಡೆ ದೇಶ ಎಂದು ಬರೆದು.

ಕಾಯ್ದೆ ಬಂತು, ಜಾರಿ ಮಾಡುವ ಕೆಲಸ ರಾಜ್ಯಗಳ ಕೈಲಿತ್ತು. ಕೇರಳದಲ್ಲಿ ಇ.ಎಂ.ಎಸ್. ಸರ್ಕಾರ 1968ರಲ್ಲಿ ಅದನ್ನು ಜಾರಿಗೆ ತಂದ ಕೂಡಲೇ, ಅಕ್ಟೋಬರ್ 15ರಂದು ಗಣೇಶ್ ಬೀಡಿ ಕಣ್ಣೂರಿನ ಬಾಗಿಲು ಎಳೆಯಿತು. ಸುಮಾರು 12,000 ಮಂದಿ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರ ಫೆಬ್ರವರಿಯಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆಯೇ ದಿನೇಶ್ ಬೀಡಿ. ಅದರ ಕಥೆಯನ್ನು ಕೇರಳದವರು ಚೆನ್ನಾಗಿಯೇ ಬರೆದಿಟ್ಟಿದ್ದಾರೆ. ಗೆರೆಯ ಈಚೆಗೆ ಏನಾಯಿತು ಎಂಬುದನ್ನು ಯಾರೂ ಅಷ್ಟು ಆಸ್ಥೆಯಿಂದ ಬರೆದಿಲ್ಲ.

ಈಚೆಗೆ ಬೆಳೆದದ್ದು ಮನೆಯ ಬೀಡಿ. ಕಾರ್ಖಾನೆಯಿಲ್ಲ, ಗೇಟಿಲ್ಲ, ಗಂಟೆಯಿಲ್ಲ. ಊರೂರಿಗೆ ಒಂದು 'ಬ್ರಾಂಚ್', ಅಲ್ಲೊಬ್ಬ ಕಂಟ್ರಾಕ್ಟರು. ಹೆಂಗಸರು ಅಲ್ಲಿಂದ ಎಲೆ, ತಂಬಾಕು, ನೂಲು ತಂದು ಮನೆಯಲ್ಲಿ ಕಟ್ಟಿ, ಬೀಡಿಯನ್ನು ಚೀಲಕ್ಕೆ ತುಂಬಿ ಮರಳಿ ಕೊಂಡೊಯ್ದು ಒಪ್ಪಿಸಬೇಕು. ಕಂಟ್ರಾಕ್ಟರು ಎಣಿಸಿ, ಹಿಚುಕಿ ನೋಡಿ, ಇದು ಸಡಿಲ, ಇದು ಗಿಡ್ಡ ಎಂದು ತೆಗೆದಿಟ್ಟದ್ದಕ್ಕೆ ಕೂಲಿಯಿಲ್ಲ. ಎಲೆ ಹರಿದದ್ದಿದ್ದು ಲೆಕ್ಕಕ್ಕೆ ಕಡಿಮೆ ಬಿದ್ದರೆ ಅಂಗಡಿಯಿಂದ ಕೈಯಾರೆ ಕೊಂಡು ಸೇರಿಸಬೇಕು. ಆದರೂ ಕುಂದಾಪುರದ ಕಡೆ ಇದು ಹಬ್ಬಿದ್ದಕ್ಕೆ ಕಾರಣವಿತ್ತು. ಮಳೆಗಾಲ ಮುಗಿದರೆ ಗದ್ದೆ ಕೆಲಸ ಕಡಿಮೆ. ಭೂಸುಧಾರಣೆಯಲ್ಲಿ ಗೇಣಿ ಜಾಗ ಸ್ವಂತವಾದರೂ ಎಷ್ಟೋ ಮನೆಗಳಿಗೆ ಅದು ವರ್ಷದ ಅಕ್ಕಿಗೆ ಸಾಲದು. ಗಂಡಸರು ಬೊಂಬಾಯಿ, ಬೆಂಗಳೂರಿನ ಹೋಟೆಲಿಗೆ ಹೋಗಿದ್ದಾರೆ, ಮನಿಯಾರ್ಡರ್ ಬಂದರೆ ಬಂತು. ಮನೆ ಬಿಡದೆ, ಯಾರ ಮುಲಾಜಿಲ್ಲದೆ, ವಾರಕ್ಕೊಮ್ಮೆ ಹೆಂಗಸಿನ ಕೈಗೇ ಬರುವ ದುಡ್ಡು ಬೀಡಿಯದು. ಬೀಡಿ ಕಟ್ಟಲು ಬಲ್ಲ ಹುಡುಗಿಯೆಂದರೆ ಸಂಬಂಧ ಬೇಗ ಕುದುರುತ್ತಿತ್ತು. ಅದನ್ನು ಶೋಷಣೆ ಎಂದಷ್ಟೇ ಹೇಳಿ ಮುಗಿಸುವವರು ಆ ದುಡ್ಡಿನಲ್ಲಿ ಎಷ್ಟು ಮಕ್ಕಳು ಹೈಸ್ಕೂಲು ಮುಗಿಸಿದರು ಎಂಬುದನ್ನೂ ಲೆಕ್ಕ ಹಾಕಬೇಕು.

ಕಾನೂನಿನ ಎದುರು ಇದೊಂದು ಒಗಟಾಗಿ ನಿಂತಿತು. ಮನೆಯಲ್ಲಿ ಕೂತು ಕಟ್ಟುವವಳು ಯಾರ ನೌಕರಳು? ಕಂಪನಿಯದೋ, ಕಂಟ್ರಾಕ್ಟರಿನದೋ, ಅಥವಾ ತನಗೆ ತಾನೇ ಧಣಿಯೋ? 1966ರ ಕಾಯ್ದೆ ಅವಳನ್ನೂ ನೌಕರಳೆಂದೇ ಕರೆದಿತ್ತು. ಎಲೆ ಕೊಡುವುದರಲ್ಲಿ, ಬೀಡಿ ತಿರಸ್ಕರಿಸುವುದರಲ್ಲಿ ತಕರಾರು ಬಂದರೆ ಯಾರ ಮುಂದೆ ಹೋಗಬೇಕು ಎಂಬುದನ್ನೂ ಅದರ 39ನೇ ಸೆಕ್ಷನ್ ಹೇಳಿತ್ತು. ಇದನ್ನು ಪ್ರಶ್ನಿಸಿ ಬೀಡಿ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ತೀರ್ಪು ಬಂತು. ಕಾಯ್ದೆ ಗಟ್ಟಿಯಾಗಿ ಉಳಿಯಿತು. ಕಾನೂನು ಪುಸ್ತಕಗಳಲ್ಲಿ ಆ ಮೊಕದ್ದಮೆಯ ಹೆಸರು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಒಕ್ಕೂಟ. ಕಣ್ಣೂರಿನ ಬಾಗಿಲು, ದೆಹಲಿಯ ಕೋರ್ಟು, ಅಮೆರಿಕದ ಕಸ್ಟಮ್ಸ್ ಕಟ್ಟೆ: ಮೂರೂ ಕಡೆ ಒಂದೇ ಹೆಸರು ಬಂದದ್ದು ಆಕಸ್ಮಿಕವಲ್ಲ. ಮನೆಯ ಕೆಲಸವನ್ನೇ ನೆಚ್ಚಿ ಬೆಳೆದ ಉದ್ಯಮದಲ್ಲಿ ಆ ಕಂಪನಿ ದೊಡ್ಡದು, ಕಣ್ಣಿಗೆ ಬೀಳುವಂಥದ್ದು, ಅಷ್ಟೇ.

ಆಮೇಲಿನದು ಕಾಗದಗಳ ಕಾಲ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ, ಅದಕ್ಕೆಂದು ಒಂದು ಸೆಸ್ಸು. 1977ರಲ್ಲಿ ಬೀಡಿ ಉದ್ಯಮ ಭವಿಷ್ಯನಿಧಿಯ ವ್ಯಾಪ್ತಿಗೆ ಬಂತು. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1985ರಲ್ಲಿ, ಪಿ.ಎಂ. ಪಟೇಲ್ ಮೊಕದ್ದಮೆಯಲ್ಲಿ. ಈ ಕಾನೂನುಗಳನ್ನು ದೆಹಲಿಯಿಂದ ಜಗಲಿಗೆ ತಂದದ್ದು ಸಂಘ. ಕುಂದಾಪುರದಲ್ಲಿ ಸಂಘಟನೆಯ ಬೇರು ಹಂಚಿನ ಕಾರ್ಖಾನೆಗಳಲ್ಲಿತ್ತು. ಅಲ್ಲಿನ ಹಂಚು ಕಾರ್ಮಿಕರ ಭವನ ಆ ಕಾಲದ ಗುರುತು. ಒಂದೇ ಗೇಟಿನಿಂದ ಒಳಹೋಗಿ ಹೊರಬರುವ ಹಂಚಿನ, ಗೇರುಬೀಜದ ಕಾರ್ಮಿಕರನ್ನು ಗೇಟಿನ ಬಾಯಲ್ಲೇ ಸಿಕ್ಕಿಸಿಕೊಳ್ಳಬಹುದು. ಬೀಡಿಯವರಿಗೆ ಗೇಟೇ ಇಲ್ಲ. ಬ್ರಾಂಚಿನ ಮೆಟ್ಟಿಲೇ ಗೇಟು. ಬೀಡಿ ಒಪ್ಪಿಸಲು ಬಂದವರನ್ನು ಅಲ್ಲೇ ನಿಲ್ಲಿಸಿ, "ಅಕ್ಕ, ಪಾಸ್‌ಬುಕ್ಕಿನಲ್ಲಿ ಬರೆಸಿದ್ರಿಯಾ?" ಎಂದು ಕೇಳುವುದು ಸಂಘದ ಕೆಲಸ. ಕನಿಷ್ಠ ಕೂಲಿ, ತುಟ್ಟಿಭತ್ಯೆ, ಬೋನಸ್, ಪಿಎಫ್, ಗುರುತಿನ ಚೀಟಿ, ಮಕ್ಕಳ ಸ್ಕಾಲರ್‌ಶಿಪ್ ಎಂಬ ಮಾತುಗಳು ಓದು ಬಾರದವರ ಬಾಯಲ್ಲೂ ಸಲೀಸಾದವು.

ಪಾಸ್‌ಬುಕ್ಕಿನಲ್ಲಿ ಹೆಸರು ಒಂದು. ಮನೆಯಲ್ಲಿ ಕಟ್ಟುವ ಕೈಗಳು ನಾಲ್ಕಾರು. ಶಾಲೆಯಿಂದ ಬಂದ ಹುಡುಗಿ ಚೀಲ ಬಿಸಾಡಿ ಅಮ್ಮನ ಪಕ್ಕ ಕೂತು ತುದಿ ಮಡಚಿಕೊಡುತ್ತಾಳೆ. ಮಗ ಬಂಡಲು ಎಣಿಸುತ್ತಾನೆ. 1986ರ ಬಾಲಕಾರ್ಮಿಕ ಕಾಯ್ದೆ ನಿಷೇಧಿತ ಕೆಲಸಗಳ ಪಟ್ಟಿಯಲ್ಲಿ ಬೀಡಿಯನ್ನು ಸೇರಿಸಿತು. ಆದರೆ ಮನೆಯೊಡೆಯ ತನ್ನ ಕುಟುಂಬದವರ ನೆರವಿನಿಂದ ಮಾಡಿಕೊಂಡರೆ ಆ ನಿಷೇಧ ಅನ್ವಯಿಸದು ಎಂದೂ ಅದೇ ಸೆಕ್ಷನ್ನಿನಲ್ಲಿ ಸೇರಿಸಿತು. ಇಡೀ ಉದ್ಯಮವೇ ಮನೆಯಲ್ಲಿರುವಾಗ ಆ ಬಾಲಂಗೋಚಿ ನಿಷೇಧವನ್ನೇ ನುಂಗಿತು. ತಮಿಳುನಾಡಿನ ವೆಲ್ಲೂರಿನ ಸುತ್ತ ಪರಿಸ್ಥಿತಿ ಇನ್ನೂ ಕ್ರೂರವಾಗಿತ್ತು. ಅಲ್ಲಿ ಅಪ್ಪ ಅಮ್ಮ ತೆಗೆದ ಸಾಲಕ್ಕೆ ಮಗು ಬೀಡಿಯ ಧಣಿಯ ಬಳಿ ಒತ್ತೆ ಕೂರುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿ ದಾಖಲಿಸಿತ್ತು. ಅಮ್ಮನ ಪಕ್ಕ ಕೂತ ಹುಡುಗಿ ಬೇರೆ, ಸಾಲಕ್ಕೆ ಒತ್ತೆಯಿಟ್ಟ ಹುಡುಗ ಬೇರೆ. ದೂರದ ಬಂದರಿನಲ್ಲಿ ಪೆಟ್ಟಿಗೆ ಬಿಚ್ಚುವ ಅಧಿಕಾರಿಗೆ ಈ ವ್ಯತ್ಯಾಸ ಬೀಡಿ ನೋಡಿ ತಿಳಿಯುವುದಿಲ್ಲ.

ಮಾರನ್ ಸಿಯಾಟಲ್ಲಿಗೆ ಹೋದಾಗ ಭಾರತದ ನಿಲುವು ಹೊಸದೇನೂ ಆಗಿರಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ 1996ರ ಸಿಂಗಪುರ ಸಮಾವೇಶದಲ್ಲೇ ಈ ವಿಷಯಕ್ಕೆ ತೇಪೆ ಹಾಕಲಾಗಿತ್ತು. ದುಡಿಮೆಯ ಮಾನದಂಡಗಳನ್ನು ನೋಡಿಕೊಳ್ಳುವುದು ಜಿನೀವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕೆಲಸ, ವ್ಯಾಪಾರಕ್ಕೆ ಬೇಲಿ ಹಾಕಲು ಅದನ್ನು ಬಳಸಕೂಡದು, ಬಡ ದೇಶಗಳಿಗಿರುವ ಅಗ್ಗದ ಕೂಲಿಯ ಅನುಕೂಲವನ್ನು ಪ್ರಶ್ನಿಸಕೂಡದು ಎಂದು. ಭಾರತದ ಅನುಮಾನಕ್ಕೆ ಆಧಾರವಿತ್ತು. ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್ 1992ರಲ್ಲಿ ಬಾಲಕಾರ್ಮಿಕರ ಸರಕಿನ ವಿರುದ್ಧ ಒಂದು ಮಸೂದೆ ಮಂಡಿಸಿದ್ದರು. ಅದು ಕಾನೂನೇ ಆಗಲಿಲ್ಲ. ಸುದ್ದಿ ಕೇಳಿಯೇ ಬಾಂಗ್ಲಾದೇಶದ ಗಾರ್ಮೆಂಟ್ ಮಾಲೀಕರು ಸಾವಿರಾರು ಮಕ್ಕಳನ್ನು ಹೊರಗೆ ಹಾಕಿದರು. ಅವರಲ್ಲಿ ಹಲವರು ಸೇರಿದ್ದು ಶಾಲೆಯನ್ನಲ್ಲ, ಕಲ್ಲು ಒಡೆಯುವಂಥ ಇನ್ನೂ ಕಷ್ಟದ ಕೆಲಸವನ್ನು.

ಆದರೂ ಮಾರನ್ ಅವರ ವಾದವನ್ನು ಪೂರ್ತಿ ಒಪ್ಪಲು ಕುಂದಾಪುರದ ಅನುಭವ ಬಿಡುವುದಿಲ್ಲ. ಹೊರಗಿನವರು ನಮ್ಮ ಮನೆಯ ವಿಷಯಕ್ಕೆ ತಲೆಹಾಕಬೇಡಿ, ನಾವೇ ನೋಡಿಕೊಳ್ಳುತ್ತೇವೆ ಎನ್ನುವ ಸರ್ಕಾರಕ್ಕೆ, ನೋಡಿಕೊಂಡೆವೇ ಎಂಬ ಪ್ರಶ್ನೆಗೆ ಉತ್ತರ ಇರಬೇಕು. ಕ್ಲಿಂಟನ್ ಸಿಯಾಟಲ್ಲಿನಲ್ಲೇ, ಡಿಸೆಂಬರ್ 2ರಂದು, ಮಕ್ಕಳ ದುಡಿಮೆಯ ಅತಿ ಹೀನ ರೂಪಗಳನ್ನು ತೊಡೆಯುವ, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 182ನೇ ಒಡಂಬಡಿಕೆಗೆ ಸಹಿ ಹಾಕಿದರು. ಭಾರತ ಅದನ್ನು ಅನುಮೋದಿಸಿದ್ದು 2017ರ ಜೂನ್‌ನಲ್ಲಿ. ಸಂಘ ಕಟ್ಟುವ, ಒಟ್ಟಾಗಿ ಚೌಕಾಸಿ ಮಾಡುವ ಹಕ್ಕಿನ 87 ಮತ್ತು 98ನೇ ಒಡಂಬಡಿಕೆಗಳನ್ನು ಇನ್ನೂ ಅನುಮೋದಿಸಿಲ್ಲ.

ಅಮೆರಿಕದ ತಡೆಯಿಂದ ಬ್ರಾಂಚಿನ ತಕ್ಕಡಿ ಅಲುಗಲಿಲ್ಲ. ಕಾರಣ ಸರಳ. ಬೀಡಿ ನಮ್ಮ ದೇಶದವರೇ ಸೇದುವ ಸರಕು. ಹೊರಗೆ ಹೋಗುವುದು ಚಿಟಿಕೆಯಷ್ಟು. ಹೊರಗೆ ಹೋದದ್ದೂ ಹೆಚ್ಚಾಗಿ ಚಾಕೊಲೇಟು, ಸ್ಟ್ರಾಬೆರಿ ವಾಸನೆ ಕಟ್ಟಿದ ಶೋಕಿಯ ಬೀಡಿ. ಬಾಸ್ಟನ್ ಕಡೆಯ ಹದಿಹರೆಯದವರು ಅದನ್ನು ಸೇದುತ್ತಿದ್ದಾರೆಂದು ಅಲ್ಲಿನ ಆರೋಗ್ಯ ಇಲಾಖೆ 1999ರ ಸೆಪ್ಟೆಂಬರಿನಲ್ಲಿ ಗಾಬರಿಯಾಗಿತ್ತು. ಹಾಗಾಗಿ ಆ ತಡೆಯ ಹಿಂದೆ ಭಾರತದ ಮಕ್ಕಳ ಚಿಂತೆ ಎಷ್ಟು, ಅಮೆರಿಕದ ಮಕ್ಕಳ ಚಿಂತೆ ಎಷ್ಟು ಎಂದು ಕೇಳಿದರೆ ತಪ್ಪಾಗದು. ಎರಡು ದಶಕ ಕಳೆದ ಮೇಲೂ ಆದೇಶ ಅಲ್ಲಿನ ಕಸ್ಟಮ್ಸ್ ಪಟ್ಟಿಯಲ್ಲಿ ಹಳೆಯ ದಿನಾಂಕದೊಡನೆ ಹಾಗೇ ಇತ್ತು. ಸರಕಿಗೆ ಹಾಕುವ ಶರತ್ತಿನ ಮಿತಿಯೇ ಇದು. ಕಡಲು ದಾಟುವ ಸರಕನ್ನು ಅದು ಹಿಡಿಯುತ್ತದೆ. ದಾಟದ ಸರಕಿನ ಹಿಂದಿರುವವರು ಅದರ ಕಣ್ಣಿಗೇ ಬೀಳುವುದಿಲ್ಲ.

ತಕ್ಕಡಿಯನ್ನು ನಿಜವಾಗಿ ಅಲುಗಿಸಿದ್ದು ಬೇರೊಂದು ಅಂತಾರಾಷ್ಟ್ರೀಯ ಕಾಗದ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರ ಫೆಬ್ರವರಿಯಲ್ಲಿ ಅನುಮೋದಿಸಿತು. ತಂಬಾಕನ್ನೇ ನಂಬಿದ ಕಾರ್ಮಿಕರಿಗೆ, ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಲು ಸರ್ಕಾರಗಳು ಮುಂದಾಗಬೇಕು ಎಂದು ಅದರ 17ನೇ ವಿಧಿ ಹೇಳುತ್ತದೆ. ಒಪ್ಪಂದದ ಉಳಿದ ಭಾಗ ನಮ್ಮಲ್ಲಿ ಚುರುಕಾಗಿ ಬಂತು. 2016ರ ಏಪ್ರಿಲ್‌ನಲ್ಲಿ ಪೊಟ್ಟಣದ 85 ಪ್ರತಿಶತ ಜಾಗಕ್ಕೆ ಎಚ್ಚರಿಕೆಯ ಚಿತ್ರ ಕಡ್ಡಾಯವಾಯಿತು. ಬೀಡಿ ಕಂಪನಿಗಳು ಪ್ರತಿಭಟನೆಯೆಂದು ತಯಾರಿಕೆ ನಿಲ್ಲಿಸಿದವು. ಕೂಲಿ ನಿಂತದ್ದು ಕಟ್ಟುವವರದು. ಮರುವರ್ಷ ಜಿಎಸ್‌ಟಿ ಬಂದು, ಬೀಡಿಯ ಮೇಲೆ 28 ಪ್ರತಿಶತ ತೆರಿಗೆ ಬಿತ್ತು, ಕಲ್ಯಾಣ ನಿಧಿಗೆ ಹೋಗುತ್ತಿದ್ದ ಸೆಸ್ಸು ರದ್ದಾಯಿತು. 17ನೇ ವಿಧಿ ಮಾತ್ರ ನಮ್ಮ ಕಡೆಯ ಬ್ರಾಂಚುಗಳ ತನಕ ಬಂದು ಮುಟ್ಟಿದಂತಿಲ್ಲ.

ಈ ಕರಾವಳಿಗೆ ವ್ಯಾಪಾರದ ಒಪ್ಪಂದಗಳು ಅಪರಿಚಿತವಲ್ಲ. 1547ರಲ್ಲಿ ವಿಜಯನಗರಕ್ಕೂ ಪೋರ್ಚುಗೀಸರಿಗೂ ಆದ ಕರಾರಿನ ತುಂಬ ಕುದುರೆ, ಪೆಟ್ಲುಪ್ಪು, ಕಬ್ಬಿಣ, ಬಟ್ಟೆಯ ಮಾತು. ಬಸ್ರೂರಿನವರು ಅದೇ ಪೋರ್ಚುಗೀಸರಿಗೆ ಅಕ್ಕಿಯ ಕಪ್ಪ ತೆತ್ತವರು. ಆ ಅಕ್ಕಿಯ ಮುಡಿ ಕಟ್ಟಿದವರು, ಹೊತ್ತವರು ಅಂಥ ಕರಾರುಗಳ ವಿಷಯವೇ ಆಗಿರಲಿಲ್ಲ. ವ್ಯಾಪಾರದ ಕಾಗದದೊಳಗೆ ದುಡಿಯುವವರನ್ನು ಕರೆದು ಕೂರಿಸುವ ಪ್ರಯತ್ನ ಈಚಿನದು. ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದದೊಡನೆ 1994ರಲ್ಲಿ ಜಾರಿಯಾದ ಕಾರ್ಮಿಕ ಕರಾರನ್ನು ಅದರ ಮೊದಲ ಹೆಜ್ಜೆಗಳಲ್ಲಿ ಎಣಿಸಬೇಕು. ಸಿಯಾಟಲ್ಲಿನಲ್ಲಿ ಬಾಗಿಲು ಮುಚ್ಚಿದ ಮೇಲೆ ಶರತ್ತು ಹಿತ್ತಲ ಬಾಗಿಲಿನಿಂದ, ಅಂದರೆ ಇಬ್ಬಿಬ್ಬರು ಮಾಡಿಕೊಳ್ಳುವ ಒಪ್ಪಂದಗಳ ಮೂಲಕ, ಒಳಗೆ ಬಂತು. ಭಾರತವೂ ಕೊನೆಗೆ ಒಪ್ಪಿತು. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲೀಚ್ಟೆನ್‌ಸ್ಟೈನ್ ಕೂಟದೊಡನೆ 2024ರ ಮಾರ್ಚ್ 10ರಂದು ಸಹಿಯಾದ ಒಪ್ಪಂದದಲ್ಲಿ ಸುಸ್ಥಿರ ಅಭಿವೃದ್ಧಿಯ ಅಧ್ಯಾಯವಿದೆ, ಅದರೊಳಗೆ ದುಡಿಮೆಯ ಮಾತಿದೆ. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ಆದ ಒಪ್ಪಂದದಲ್ಲಿ ಕಾರ್ಮಿಕರಿಗೇ ಒಂದು ಪ್ರತ್ಯೇಕ ಅಧ್ಯಾಯ. ಮಾರನ್ ಕಾಲದಲ್ಲಿ ಊಹಿಸಲೂ ಆಗದ್ದು.

ಅದೇ 2025ರ ನವೆಂಬರ್ 21ರಂದು ಭಾರತದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1966ರ ಬೀಡಿ ಕಾಯ್ದೆ ಪ್ರತ್ಯೇಕ ಕಾಯ್ದೆಯಾಗಿ ಉಳಿಯಲಿಲ್ಲ. ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಕರಗಿತು. ಹಳೆಯ ಇನ್‌ಸ್ಪೆಕ್ಟರ್ ಈಗ ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್. ತಪಾಸಣೆಯ ಜೊತೆ ಮಾಲೀಕರಿಗೆ ಸಲಹೆ ಕೊಡುವುದೂ ಅವರ ಕೆಲಸ.

ಬೀಡಿ ಕಟ್ಟುತ್ತಿದ್ದ ಮನೆಗಳಲ್ಲಿ ಈಗ ಸೊಸೆಯಂದಿರು ಅದನ್ನು ಕಲಿಯುವುದಿಲ್ಲ. ಗೇರುಬೀಜದ ಕಾರ್ಖಾನೆಗೋ, ಮೀನು ಶುಚಿ ಮಾಡುವ ಘಟಕಕ್ಕೋ, ಪೇಟೆಯ ಬಟ್ಟೆ ಅಂಗಡಿಗೋ ಹೋಗುವವರೇ ಹೆಚ್ಚು. ಗೇರುಬೀಜ, ಸಿಗಡಿ ಬೀಡಿಯ ಹಾಗಲ್ಲ. ಅವು ನಿಜವಾಗಿಯೂ ಕಡಲು ದಾಟುತ್ತವೆ. ಬ್ರಿಟನ್ನಿನ ಒಪ್ಪಂದದಲ್ಲಿ ಸಿಗಡಿಯ ಮೇಲಿನ ಸುಂಕ ಇಳಿದದ್ದನ್ನು ರಫ್ತುದಾರರು ಸ್ವಾಗತಿಸಿಯೂ ಆಗಿದೆ. ಹಾಗಾದರೆ ಕಾರ್ಮಿಕರ ಅಧ್ಯಾಯ ಮೊದಲ ಬಾರಿಗೆ ಇಲ್ಲಿಯ ಕೈಗಳನ್ನು ನೇರವಾಗಿ ಮುಟ್ಟಬಹುದು. ಸಂಘದವರು ಅದನ್ನು ಬಿಚ್ಚಿ ನೋಡಿದರೆ ಒಳ್ಳೆಯ ಮಾತುಗಳೇ ಸಿಗುತ್ತವೆ. ವ್ಯಾಪಾರಕ್ಕಾಗಿ ಕಾರ್ಮಿಕ ಕಾನೂನು ಸಡಿಲಿಸುವುದು ಸರಿಯಲ್ಲ ಎಂಬ ಒಪ್ಪಿಗೆಯೂ ಅದರಲ್ಲಿದೆ. ಆದರೆ ಸುಂಕದ ವಿಷಯದಲ್ಲಿ ಮಾತು ತಪ್ಪಿದರೆ ವ್ಯಾಜ್ಯ ಪೀಠಕ್ಕೆ ಹೋಗಬಹುದು. ಕಾರ್ಮಿಕರ ಅಧ್ಯಾಯದ ವಿಷಯದಲ್ಲಿ ಹಾಗಿಲ್ಲ. ಎರಡು ಸರ್ಕಾರಗಳ ಅಧಿಕಾರಿಗಳು ಕೂತು ಸಮಾಲೋಚನೆ ಮಾಡಬೇಕು, ಅಷ್ಟಕ್ಕೆ ಅದು ನಿಲ್ಲುತ್ತದೆ. 1966ರ ಕಾಯ್ದೆಯ 39ನೇ ಸೆಕ್ಷನ್ ಹಿಡಿದು, ತೆಗೆದಿಟ್ಟ ಬೀಡಿಯ ಕೂಲಿ ಕೇಳಲು ಕುಂದಾಪುರದ ಹೆಂಗಸು ಹೋಗಬಹುದಾಗಿದ್ದಂಥ ಕಚೇರಿ ಈ ಅಧ್ಯಾಯಕ್ಕಿಲ್ಲ.